ಆಟೋಮ್ಯಾಟಿಕ್ ಪರ್ಫಾಮೆನ್ಸ್ ಕಾರಲ್ಲಿ ಲ್ಯಾಗ್ ಎಲ್ಲಿಂದ ಬರುತ್ತೆ, ಹುಡುಕೋದು ಹೇಗೆ, ಸರಿ ಮಾಡ್ಕೊಳ್ಳೋದು ಹೇಗೆ: ಸಮಗ್ರ ಮಾರ್ಗದರ್ಶಿ

ಲ್ಯಾಗ್ ಇದೆ ಲ್ಯಾಗ್ ಇದೆ ಅಂತ ಎಲ್ರೂ ಹೇಳ್ತಾರೆ. ವರ್ಟಸ್ ಜಿಟಿ ತಗೊಂಡವ್ರು ಹೇಳ್ತಾರೆ, ಆಕ್ಟೇವಿಯಾ ವಿಆರ್‌ಎಸ್ ಇಟ್ಕೊಂಡವ್ರು ಹೇಳ್ತಾರೆ, ಬಿಎಂಡಬ್ಲ್ಯು ಎಂ340ಐ ಓಡ್ಸೋರು ಕೂಡ ಕೆಲವ್ರು ಹೇಳ್ತಾರೆ. ಆದ್ರೆ ಲ್ಯಾಗ್ ಎಲ್ಲಿದೆ ಅಂತ ಕೇಳಿದ್ರೆ ಉತ್ತರ ಇರಲ್ಲ, ಒತ್ತಿದ್ರೆ ತಕ್ಷಣ ಹೋಗಲ್ಲ ಅಷ್ಟೇ ಅಂತಾರೆ, ಆಮೇಲೆ ಹೋಗಿ ಥ್ರಾಟಲ್ ಕಂಟ್ರೋಲರ್ ಹಾಕಿಸ್ತಾರೆ, ಅಥವಾ ರೀಮ್ಯಾಪ್ (ಎಂಜಿನ್ ಕಂಪ್ಯೂಟರ್‌ನ ಸಾಫ್ಟ್‌ವೇರ್ ತಿದ್ದೋದು) ಮಾಡಿಸ್ತಾರೆ, ದುಡ್ಡು ಖರ್ಚಾಗುತ್ತೆ, ಒಂದು ವಾರ ಖುಷಿ ಆಗುತ್ತೆ, ಆಮೇಲೆ ಮತ್ತೆ ಅದೇ ಕಥೆ.

ನಾನು ಹೇಳೋಕೆ ಹೊರಟಿರೋದು ಒಂದೇ ವಿಷ್ಯ. ಲ್ಯಾಗ್ ಅಂದ್ರೆ ಒಂದೇ ಸಮಸ್ಯೆ ಅಲ್ಲ. ನಿಮ್ ಕಾಲು ಪೆಡಲ್ ಒತ್ತಿದಾಗಿಂದ ಟೈರ್ ರಸ್ತೆನ ತಳ್ಳೋವರೆಗೂ ನಾಲ್ಕು ಬೇರೆ ಬೇರೆ ತಡ ಇವೆ: ಪೆಡಲ್ ಮ್ಯಾಪ್‌ದು, ಗೇರ್‌ಬಾಕ್ಸ್ ಯಾವ ಗೇರ್ ಹಾಕ್ಲಿ ಅಂತ ನಿರ್ಧಾರ ಮಾಡೋದು, ಆ ಗೇರ್‌ನ ನಿಜವಾಗ್ಲೂ ಹಾಕೋದು, ಕೊನೆಗೆ ಟರ್ಬೊ (ಎಕ್ಸಾಸ್ಟ್ ಬಲದಿಂದ ತಿರುಗಿ ಎಂಜಿನ್‌ಗೆ ಹೆಚ್ಚು ಗಾಳಿ ತುಂಬೋ ಭಾಗ) ಬೂಸ್ಟ್, ಅಂದ್ರೆ ಗಾಳಿಯ ಒತ್ತಡ, ಕಟ್ಟೋದು. ಈ ನಾಲ್ಕನ್ನ ಬೇರೆ ಮಾಡಿ ನೋಡಿದ್ರೆ ಅರ್ಧ ಕೆಲಸ ದುಡ್ಡೇ ಇಲ್ದೆ ಮುಗಿಯುತ್ತೆ.

ಹಂತ 1: ನಿಮ್ ಗಾಡಿಲಿ ಇರೋ ಗೇರ್‌ಬಾಕ್ಸ್ ಯಾವ ಜಾತಿದು ಅಂತ ಮೊದ್ಲು ತಿಳ್ಕೊಳ್ಳಿ

ಆಟೋಮ್ಯಾಟಿಕ್ ಅಂತ ಬೋರ್ಡ್ ಇದ್ದ ಮಾತ್ರಕ್ಕೆ ಎಲ್ಲಾ ಒಂದೇ ಅಲ್ಲ. ಪರ್ಫಾಮೆನ್ಸ್ ಕಾರ್‌ಗಳಲ್ಲಿ ಮುಖ್ಯವಾಗಿ ಸಿಗೋದು ಎರಡು.

ಒಂದು ಟಾರ್ಕ್ ಕನ್ವರ್ಟರ್. ಎದುರು ಬದುರು ಎರಡು ಫ್ಯಾನ್ ಇಟ್ಟು ಒಂದನ್ನ ಆನ್ ಮಾಡಿದ್ರೆ ಅದರ ಗಾಳಿಗೆ ಇನ್ನೊಂದು ತಿರುಗುತ್ತಲ್ಲ, ಅದೇ ಕೆಲಸ ಇಲ್ಲಿ ಎಣ್ಣೆ ಮಾಡುತ್ತೆ. ಎಂಜಿನ್ ಕಡೆ ಇಂಪೆಲ್ಲರ್, ಗೇರ್‌ಬಾಕ್ಸ್ ಕಡೆ ಟರ್ಬೈನ್, ಮಧ್ಯ ಸ್ಟೇಟರ್. ಆ ಸ್ಟೇಟರ್ ಇರೋದ್ರಿಂದಾನೇ ನಿಂತ ಜಾಗದಿಂದ ಹೊರಡುವಾಗ ಎಂಜಿನ್ ಟಾರ್ಕ್ (ತಿರುಗಿಸೋ ಬಲ) ಸುಮಾರು ಎರಡು ಪಟ್ಟು ಆಗಿ ಸಿಗುತ್ತೆ, ಅದಕ್ಕೇ ಈ ಗಾಡಿಗಳು ಸಿಗ್ನಲ್‌ನಿಂದ ಅಷ್ಟು ನುಣುಪಾಗಿ ಆದ್ರೂ ಜೋರಾಗಿ ಎದ್ದು ಹೋಗ್ತವೆ. ಹೊರಟ ಮೇಲೆ ಲಾಕ್‌ಅಪ್ ಕ್ಲಚ್ ಕಚ್ಕೊಳ್ಳುತ್ತೆ, ಅಲ್ಲಿಂದ ಮುಂದೆ ಎಂಜಿನ್‌ಗೂ ಗೇರ್‌ಬಾಕ್ಸ್‌ಗೂ ನೇರ ಸಂಬಂಧ. ಹಳೇ 4 ಗೇರ್, 5 ಗೇರ್ ಆಟೋಮ್ಯಾಟಿಕ್‌ಗಳಲ್ಲಿ ಈ ಲಾಕ್‌ಅಪ್ ತುಂಬಾ ತಡವಾಗಿ ಆಗ್ತಿತ್ತು, ಅದಕ್ಕೇ ಆಟೋಮ್ಯಾಟಿಕ್ ಅಂದ್ರೆ ರಬ್ಬರ್ ತರ ಎಳೆಯುತ್ತೆ ಅನ್ನೋ ಹೆಸರು ಬಂದಿದ್ದು. 2009ರಲ್ಲಿ ಬಂದ ಝಡ್‌ಎಫ್ ಕಂಪನಿಯ 8ಎಚ್‌ಪಿ ಆ ಹೆಸರನ್ನ ಅಳಿಸಿ ಹಾಕ್ತು. ನಾಲ್ಕು ಪ್ಲಾನೆಟರಿ ಗೇರ್ ಸೆಟ್, ಕ್ಲಚ್ ಬ್ರೇಕ್ ಎರಡೂ ಸೇರಿ ಐದು, ಯಾವ ಗೇರಲ್ಲಿ ಇದ್ರೂ ಅದ್ರಲ್ಲಿ ಎರಡು ಮಾತ್ರ ತೆರೆದಿರುತ್ತೆ, ಹಾಗಾಗಿ ಒಳಗೆ ಘರ್ಷಣೆಲಿ ಪೋಲಾಗೋದು ಕಮ್ಮಿ. ಇನ್ನೊಂದು ದೊಡ್ಡ ಅನುಕೂಲ ಅಂದ್ರೆ 8ನೇ ಗೇರಿಂದ ಸೀದಾ 2ಕ್ಕೆ ಹಾರೋಕೆ ಆಗುತ್ತೆ, ಒಂದೊಂದೇ ಮೆಟ್ಲು ಇಳಿಬೇಕಿಲ್ಲ. ಎಂ340ಐ ಹೈವೇಲಿ ಒತ್ತಿದ ತಕ್ಷಣ ಹಾಗೆ ಎಗರೋದಕ್ಕೆ ಎಂಜಿನ್ ಎಷ್ಟು ಕಾರಣಾನೋ ಈ ಗೇರ್‌ಬಾಕ್ಸ್ ಕೂಡ ಅಷ್ಟೇ ಕಾರಣ.

ಎರಡನೇದು ಡ್ಯುಯಲ್ ಕ್ಲಚ್, ಅಂದ್ರೆ ಡಿಸಿಟಿ. ಫೋಕ್ಸ್‌ವ್ಯಾಗನ್ ಇದನ್ನ ಡಿಎಸ್‌ಜಿ ಅಂತಾರೆ, ಪೋರ್ಷೆ ಪಿಡಿಕೆ ಅಂತಾರೆ. ಪೋರ್ಷೆ 1980ರ ದಶಕದಲ್ಲೇ 956, 962 ರೇಸ್ ಕಾರ್‌ಗಳಲ್ಲಿ ಇದನ್ನ ಹಾಕಿ ಪಳಗಿಸ್ತು, ಆದ್ರೆ ಶೋರೂಮಲ್ಲಿ ಮೊದ್ಲು ಮಾರಿದ್ದು ಫೋಕ್ಸ್‌ವ್ಯಾಗನ್, 2003ರ ಗಾಲ್ಫ್ ಆರ್32ಲ್ಲಿ. 911ಗೆ ಪಿಡಿಕೆ ಬಂದಿದ್ದು 2008ರಲ್ಲಿ. ಕೆಲಸ ಮಾಡೋ ರೀತಿ ಹೀಗೆ: 1, 3, 5, 7 ಒಂದು ಕ್ಲಚ್ ಮೇಲೆ, 2, 4, 6 ಮತ್ತೆ ರಿವರ್ಸ್ ಇನ್ನೊಂದು ಕ್ಲಚ್ ಮೇಲೆ. ನೀವು 3ರಲ್ಲಿ ಎಳೀತಾ ಇರುವಾಗ 4 ಆಗ್ಲೇ ರೆಡಿ ಇರುತ್ತೆ, ಒಂದು ಕ್ಲಚ್ ಬಿಟ್ಟು ಇನ್ನೊಂದು ಹಿಡಿದ್ರೆ ಆಯ್ತು, ಎಳೆತ ನಿಲ್ಲೋದೇ ಇಲ್ಲ.

ಇಲ್ಲೇ ಇದೆ ನೋಡಿ ಬಹಳ ಜನಕ್ಕೆ ಗೊತ್ತಿಲ್ದೆ ಇರೋ ವಿಷ್ಯ. ಗೇರ್‌ಬಾಕ್ಸ್ ಯಾವ ಗೇರ್ ರೆಡಿ ಇಟ್ಟಿದೆ ಅನ್ನೋದು ಒಂದು ಊಹೆ. ನೀವು 3ರಲ್ಲಿ ಮೆತ್ತಗೆ ಹೋಗ್ತಿದ್ರೆ ಅದು ಮುಂದೆ 4 ಬೇಕಾಗುತ್ತೆ ಅಂತ ಊಹಿಸಿ 4 ರೆಡಿ ಇಟ್ಟಿರುತ್ತೆ, ನೀವು ಸಡನ್ನಾಗಿ ಪೂರ್ತಿ ಒತ್ತಿದ್ರೆ ಬೇಕಾಗೋದು 2. ಈಗ 4 ಬಿಚ್ಚಬೇಕು, 2 ಹಾಕಬೇಕು, ಎಂಜಿನ್ ಆರ್‌ಪಿಎಂ ಏರಿಸಿ ಹೊಂದಿಸ್ಬೇಕು, ಆಮೇಲೆ ಕ್ಲಚ್ ಹಿಡಿಬೇಕು. ಇನ್ನೂ ಕಷ್ಟ ಅಂದ್ರೆ 6ರಿಂದ 4ಕ್ಕೆ ಬರೋದು, ಎರಡೂ ಒಂದೇ ಶಾಫ್ಟ್ ಮೇಲೆ ಇವೆ, ಮಧ್ಯ ಇನ್ನೊಂದು ಶಾಫ್ಟ್‌ನ ಸಹಾಯ ತಗೋಬೇಕು. ಹಾಗಾಗಿ ಡಿಸಿಟಿ ಮೇಲಕ್ಕೆ ಗೇರ್ ಹಾಕುವಾಗ ಮಿಂಚು, ಊಹೆ ತಪ್ಪಿದಾಗ ಕೆಳಕ್ಕೆ ಇಳಿಯೋದು ನಿಧಾನ. ಇದು ಕೆಟ್ಟ ಗೇರ್‌ಬಾಕ್ಸ್ ಅಂತಲ್ಲ, ಅದರ ಸ್ವಭಾವ.

ಸಿಂಗಲ್ ಕ್ಲಚ್ ಆಟೋಮೇಟೆಡ್ ಅನ್ನೋ ಮೂರನೇ ಜಾತಿನೂ ಇದೆ. ಫೆರಾರಿ 1989ರಲ್ಲಿ 640 ಫಾರ್ಮುಲಾ ಒನ್ ಕಾರಲ್ಲಿ ಸ್ಟೇರಿಂಗ್ ಹಿಂದೆ ಬೆರಳಲ್ಲಿ ಗೇರ್ ಬದಲಾಯಿಸೋ ಪ್ಯಾಡಲ್ ಇಟ್ಟು ನೈಜೆಲ್ ಮ್ಯಾನ್ಸೆಲ್ ಬ್ರೆಝಿಲ್‌ನಲ್ಲಿ ಮೊದಲ ರೇಸನ್ನೇ ಗೆದ್ದಿದ್ದು, 1997ರಲ್ಲಿ ಅದೇ ಆಲೋಚನೆ ಎಫ್355 ರೋಡ್ ಕಾರಿಗೆ ಬಂದಿದ್ದು. ನಮ್ಮಲ್ಲಿ 2014ರ ಮಾರುತಿ ಸೆಲೆರಿಯೊದಿಂದ ಶುರುವಾದ ಎಎಂಟಿನೂ ಮೂಲತಃ ಇದೇ ಕುಟುಂಬ. ಗೇರ್ ಬದಲಾಗುವಾಗ ತಲೆ ಮುಂದಕ್ಕೆ ಹೋಗಿ ಹಿಂದಕ್ಕೆ ಬರುತ್ತೆ, ಹೊಸ ಪರ್ಫಾಮೆನ್ಸ್ ಕಾರ್‌ಗಳಲ್ಲಿ ಇದು ಹೆಚ್ಚುಕಮ್ಮಿ ಮಾಯ ಆಗಿದೆ, ಬಿಡಿ.

ಹಂತ 2: ಪೆಡಲ್ ಅಂದ್ರೆ ಏನು ಅಂತ ಅರ್ಥ ಮಾಡ್ಕೊಳ್ಳಿ

ಹಳೇ ಪದ್ಮಿನಿ, ಹಳೇ 800ರಲ್ಲಿ ಕಾಲಡಿ ಇದ್ದ ಪೆಡಲ್‌ನಿಂದ ಥ್ರಾಟಲ್‌ವರೆಗೂ (ಎಂಜಿನ್‌ಗೆ ಗಾಳಿ ಬಿಡೋ ಬಾಗಿಲು) ಯಾಂತ್ರಿಕ ಸಂಪರ್ಕ ಇತ್ತು, ಕಾಲು ಎಷ್ಟು ಅಲ್ಲಾಡುತ್ತೋ ಅಷ್ಟೇ ಥ್ರಾಟಲ್ ಬಾಗಿಲು ತೆರೆಯುತ್ತಿತ್ತು. 1980ರ ದಶಕದ ಕೊನೇಲಿ ಬಿಎಂಡಬ್ಲ್ಯು 7 ಸೀರೀಸ್ ಅಂಥ ಗಾಡಿಗಳಿಂದ ಶುರುವಾಗಿ ಈಗ ಎಲ್ಲಾ ಕಾರಲ್ಲೂ ಪೆಡಲ್ ಅನ್ನೋದು ಬರೀ ಸೆನ್ಸರ್. ಸುರಕ್ಷತೆಗೆ ಅಂತ ಒಳಗೆ ಎರಡು ಸೆನ್ಸರ್ ಇರುತ್ತೆ, ಎರಡೂ ಒಂದೇ ಮಾತು ಹೇಳ್ತಿಲ್ಲ ಅಂದ್ರೆ ಗಾಡಿ ಲಿಂಪ್ ಮೋಡಿಗೆ, ಅಂದ್ರೆ ಶಕ್ತಿ ಕಮ್ಮಿ ಮಾಡ್ಕೊಂಡು ಕುಂಟುತ್ತಾ ಹೋಗೋ ಸ್ಥಿತಿಗೆ, ಹೋಗುತ್ತೆ.

ನೀವು ಪೆಡಲ್ 30% ಒತ್ತಿದ್ರೆ ಇಸಿಯು (ಎಂಜಿನ್ ಕಂಪ್ಯೂಟರ್) ಅದನ್ನ ಥ್ರಾಟಲ್ 30% ತೆರಿ ಅಂತ ತಗೊಳ್ಳಲ್ಲ, ಡ್ರೈವರ್‌ಗೆ ಇಷ್ಟು ಟಾರ್ಕ್ ಬೇಕಂತೆ ಅಂತ ತಗೊಳ್ಳುತ್ತೆ. ಅದು ಎಷ್ಟು ಟಾರ್ಕ್ ಅನ್ನೋ ಪಟ್ಟಿನೇ ಪೆಡಲ್ ಮ್ಯಾಪ್. ಇಕೋ ಮೋಡಲ್ಲಿ 30%ಗೆ ಕಮ್ಮಿ, ಸ್ಪೋರ್ಟಲ್ಲಿ ಅದೇ 30%ಗೆ ಜಾಸ್ತಿ. ಪೂರ್ತಿ 100% ಒತ್ತಿದ್ರೆ ಸಾಮಾನ್ಯವಾಗಿ ಎರಡರಲ್ಲೂ ಒಂದೇ. ಇದನ್ನ ನೆನಪಲ್ಲಿ ಇಟ್ಕೊಳ್ಳಿ, ಮುಂದೆ ದುಡ್ಡು ಉಳಿಸುತ್ತೆ. ಇಸಿಯು ಇನ್ನೊಂದು ಕೆಲಸನೂ ಮಾಡುತ್ತೆ, ನೀವು ದಬಕ್ಕನೆ ಒತ್ತಿದ್ರೂ ಟಾರ್ಕ್‌ನ ಒಂದು ಇಳಿಜಾರಲ್ಲಿ ಏರಿಸುತ್ತೆ, ಇಲ್ಲಾಂದ್ರೆ ಎಂಜಿನ್ ಮೌಂಟ್, ಡ್ರೈವ್ ಶಾಫ್ಟ್ ಎಲ್ಲಾ ದಡಾರ್ ಅನ್ನುತ್ತೆ. 1, 2ನೇ ಗೇರಲ್ಲಿ ಗೇರ್‌ಬಾಕ್ಸ್ ಉಳಿಸೋಕೆ ಟಾರ್ಕ್‌ನೇ ಕಮ್ಮಿ ಮಾಡೋ ಗಾಡಿಗಳೂ ಬಹಳ ಇವೆ.

ಹಂತ 3: ಟರ್ಬೊ ಅಂಕಿಗಳನ್ನ ಓದೋದು ಕಲೀರಿ

ವರ್ಟಸ್ ಜಿಟಿ ಬ್ರೋಷರಲ್ಲಿ ಅದರ 1.5 ಟಿಎಸ್‌ಐ ಟರ್ಬೊ ಎಂಜಿನ್‌ಗೆ 250 ಎನ್‌ಎಂ, 1600ರಿಂದ 3500 ಆರ್‌ಪಿಎಂ ಅಂತ ಬರೆದಿರುತ್ತೆ. ಅದನ್ನ ಓದಿ 1600ರಲ್ಲಿ ಒತ್ತಿದ ತಕ್ಷಣ 250 ಸಿಗುತ್ತೆ ಅಂತ ಅನ್ಕೊಂಡ್ರೆ ನಿರಾಸೆ ಖಂಡಿತ. ಆ ಅಂಕಿ ಪೂರ್ತಿ ಲೋಡ್ ಕೊಟ್ಟು, ಬೂಸ್ಟ್ ನಿಂತ ಮೇಲೆ ಅಳೆದಿರೋದು. ನೀವು ಮೆತ್ತಗೆ ಹೋಗುವಾಗ ಎಕ್ಸಾಸ್ಟಲ್ಲಿ ಗಾಳಿನೇ ಕಮ್ಮಿ, ಟರ್ಬೊ ನಿಧಾನ ತಿರುಗ್ತಿರುತ್ತೆ, ಒತ್ತಿದ ಮೇಲೆ ಅದು ವೇಗ ತಗೊಂಡು ಇಂಟರ್‌ಕೂಲರ್ (ಟರ್ಬೊ ಒತ್ತಿದ ಬಿಸಿ ಗಾಳಿನ ತಂಪು ಮಾಡೋ ಭಾಗ), ಪೈಪ್ ಎಲ್ಲಾ ತುಂಬಿಸಿ ಆಮೇಲೆ ಒತ್ತಡ ಕಟ್ಟಬೇಕು. ಟಾರ್ಕ್ ಸಿಗೋ ಆರ್‌ಪಿಎಂ ಬೇರೆ, ಸಿಗೋಕೆ ಬೇಕಾಗೋ ಸಮಯ ಬೇರೆ.

ನಮ್ ಬೆಂಗ್ಳೂರವ್ರಿಗೆ ಇನ್ನೊಂದು ವಿಷ್ಯ. ಊರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ, ಗಾಳಿಯ ಒತ್ತಡ ಸುಮಾರು 10% ಕಮ್ಮಿ. ಟರ್ಬೊ ಇಲ್ದಿರೋ ಎಂಜಿನ್‌ಗೆ ಅಷ್ಟು ಶಕ್ತಿ ನೇರವಾಗಿ ಕಮ್ಮಿ, ಟರ್ಬೊ ಎಂಜಿನ್‌ಗೆ ಕೊನೆಗೆ ಸಿಗೋ ಶಕ್ತಿ ಹೆಚ್ಚುಕಮ್ಮಿ ಅಷ್ಟೇ ಇದ್ರೂ ಬೂಸ್ಟ್ ಕಟ್ಟೋವರೆಗಿನ ಆ ಮೊದಲ ಗಳಿಗೆ ಇನ್ನೂ ಸಪ್ಪೆ ಅನ್ಸುತ್ತೆ. ಅದೇ ಗಾಡಿ ಶಿರಾಡಿ ಇಳಿದು ಮಂಗ್ಳೂರು ಕಡೆ ಹೋದಾಗ ಬೆಳಗಿನ ತಂಪಲ್ಲಿ ಸ್ವಲ್ಪ ಚುರುಕು ಅನ್ಸೋದು ಬರೀ ಭ್ರಮೆ ಅಲ್ಲ.

ಟರ್ಬೊನೇ ಬೇಡ ಅನ್ನೋರ ಉತ್ತರ ಪೋರ್ಷೆ 911 ಜಿಟಿ3. 4 ಲೀಟರ್ ಎಂಜಿನ್, 9000 ಆರ್‌ಪಿಎಂ, 2021ರ ಮಾಡೆಲಲ್ಲಿ ಆರು ಸಿಲಿಂಡರ್‌ಗೆ ಆರು ಬೇರೆ ಬೇರೆ ಥ್ರಾಟಲ್. ಬಾಗಿಲು ಸಿಲಿಂಡರ್ ಪಕ್ಕದಲ್ಲೇ ಇರೋದ್ರಿಂದ ಮಧ್ಯ ತುಂಬಬೇಕಾದ ಜಾಗನೇ ಇಲ್ಲ. ಮರ್ಸಿಡಿಸ್-ಎಎಂಜಿ ಬೇರೆ ದಾರಿ ಹಿಡೀತು, 2022ರ ಎಸ್‌ಎಲ್43ರಲ್ಲಿ ಟರ್ಬೊ ಶಾಫ್ಟ್ ಮೇಲೇ ಒಂದು ಎಲೆಕ್ಟ್ರಿಕ್ ಮೋಟರ್ ಕೂರಿಸಿ ಎಕ್ಸಾಸ್ಟ್‌ಗೆ ಕಾಯದೇ ಟರ್ಬೊನ ತಿರುಗಿಸೋ ಹಾಗೆ ಮಾಡಿದ್ರು. ನನ್ನ ಪ್ರಕಾರ ಇತ್ತೀಚಿನ ವರ್ಷಗಳಲ್ಲಿ ಈ ವಿಷ್ಯದಲ್ಲಿ ಆಗಿರೋ ದೊಡ್ಡ ಕೆಲಸ ಅದೇ.

ಹಂತ 4: ನಿಮ್ ಗಾಡಿಲಿ ಯಾವ ತಡ ಜಾಸ್ತಿ ಅಂತ ಪತ್ತೆ ಹಚ್ಚಿ

ಇದು ಇಡೀ ಬರಹದಲ್ಲಿ ಮುಖ್ಯವಾದ ಭಾಗ, ದಯವಿಟ್ಟು ಬಿಟ್ಟು ಮುಂದೆ ಹೋಗ್ಬೇಡಿ. ಬೆಳಗ್ಗೆ ಖಾಲಿ ಇರೋ ನೇರ ರಸ್ತೆ, ಹಗಲು ಬೆಳಕು, ಒಣಗಿರೋ ರೋಡು, ಹಿಂದೆ ಮುಂದೆ ಯಾರೂ ಇರಬಾರ್ದು, ಸ್ಪೀಡ್ ಲಿಮಿಟ್ ಒಳಗೇ ಮಾಡೋಕಾಗೋ ಪರೀಕ್ಷೆಗಳು ಇವು. ಮೊದ್ಲು 15-20 ನಿಮಿಷ ಆರಾಮಾಗಿ ಓಡ್ಸಿ, ಕೂಲಂಟ್ ಬಿಸಿ ಆದ್ರೆ ಸಾಲ್ದು, ಗೇರ್‌ಬಾಕ್ಸ್ ಎಣ್ಣೆ ಬಿಸಿಯಾಗೋಕೆ ಇನ್ನೂ ಹೊತ್ತು ಬೇಕು, ತಣ್ಣಗಿರುವಾಗ ಯಾವ ಗೇರ್‌ಬಾಕ್ಸೂ ಅದರ ನಿಜವಾದ ಬಣ್ಣ ತೋರ್ಸಲ್ಲ.

ಮೊದಲನೇ ಪರೀಕ್ಷೆ: ಮ್ಯಾನ್ಯುಯಲ್ ಮೋಡ್, 3ನೇ ಗೇರ್, 2000 ಆರ್‌ಪಿಎಂನಲ್ಲಿ ಸ್ಥಿರವಾಗಿ ಹೋಗ್ತಾ ಪೆಡಲ್‌ನ ಮುಕ್ಕಾಲು ಭಾಗ ಒಮ್ಮೆಗೇ ಒತ್ತಿ. ಪೂರ್ತಿ ಕೆಳಗೆ ಒತ್ತಬೇಡಿ, ಕೊನೇಲಿ ಕ್ಲಿಕ್ ಅಂತ ಸಿಗೋದು ಕಿಕ್‌ಡೌನ್ ಸ್ವಿಚ್, ಅದು ಬಿದ್ರೆ ಕೆಲವು ಗಾಡಿಗಳು ಮ್ಯಾನ್ಯುಯಲಲ್ಲೂ ಗೇರ್ ಇಳಿಸಿ ಬಿಡ್ತವೆ. ಗೇರ್ ಬದಲಾಗ್ಲಿಲ್ಲ ಅಂದ್ರೆ ಇಲ್ಲಿ ನಿಮಗೆ ಸಿಕ್ಕ ತಡದಲ್ಲಿ ಗೇರ್‌ಬಾಕ್ಸ್ ಪಾತ್ರ ಇಲ್ಲ, ಬರೀ ಪೆಡಲ್ ಮತ್ತೆ ಟರ್ಬೊ.

ಎರಡನೇದು: ಅದೇ ಪೆಡಲ್, ಆದ್ರೆ 2ನೇ ಗೇರಲ್ಲಿ 4000 ಆರ್‌ಪಿಎಂ ಹತ್ರ. ಇಲ್ಲಿ ಟರ್ಬೊ ಆಗ್ಲೇ ಚುರುಕಾಗಿ ತಿರುಗ್ತಿರುತ್ತೆ. ಮೊದಲನೇದಕ್ಕೂ ಇದಕ್ಕೂ ತಡದಲ್ಲಿ ಇರೋ ವ್ಯತ್ಯಾಸನೇ ಹೆಚ್ಚುಕಮ್ಮಿ ನಿಮ್ ಟರ್ಬೊ ಲ್ಯಾಗ್. ವ್ಯತ್ಯಾಸ ಬಹಳ ಇದ್ರೆ ಟರ್ಬೊ, ಇಲ್ಲೂ ಸಪ್ಪೆ ಅನ್ಸಿದ್ರೆ ಪೆಡಲ್ ಮ್ಯಾಪ್ ಅಥವಾ ಗಾಡಿ ಆರೋಗ್ಯದ ಮೇಲೆ ಅನುಮಾನ ಇಡಿ.

ಮೂರನೇದು: ಡಿ ಮೋಡಲ್ಲಿ 60 ಕಿಮೀ ವೇಗದಲ್ಲಿ ಸ್ಥಿರವಾಗಿ ಹೋಗಿ, ಗಾಡಿ ಮೇಲಿನ ಗೇರಿಗೆ ಹೋಗಿ ಕೂತ ಮೇಲೆ ಪೂರ್ತಿ ಒತ್ತಿ. ಮೊದಲನೇ ಪರೀಕ್ಷೆಗಿಂತ ಎಷ್ಟು ಜಾಸ್ತಿ ಹೊತ್ತು ಆಯ್ತೋ ಅದು ಗೇರ್‌ಬಾಕ್ಸ್ ಲೆಕ್ಕ. ಇಲ್ಲೂ ಎರಡು ಭಾಗ ಗಮನಿಸಿ: ಒತ್ತಿದ ಮೇಲೆ ಆರ್‌ಪಿಎಂ ಅಲ್ಲಾಡದೇ ಸುಮ್ನೆ ಇರೋ ಹೊತ್ತು ನಿರ್ಧಾರದ ತಡ, ಆರ್‌ಪಿಎಂ ಏರೋಕೆ ಶುರುವಾಗಿ ಬೆನ್ನಿಗೆ ಸೀಟ್ ತಾಗೋವರೆಗಿನ ಹೊತ್ತು ಗೇರ್ ಹಾಕೋ ತಡ.

ನಾಲ್ಕನೇದು: ನಾರ್ಮಲ್ ಮೋಡಲ್ಲಿ ಪೆಡಲ್ ಕಾಲು ಭಾಗ, ಆಮೇಲೆ ಸ್ಪೋರ್ಟಲ್ಲಿ ಅದೇ ಕಾಲು ಭಾಗ, ಎರಡೂ ಸಲ ಮ್ಯಾನ್ಯುಯಲಲ್ಲಿ ಒಂದೇ ಗೇರ್ ಹಿಡಿದು. ಸ್ಪೋರ್ಟಲ್ಲಿ ಗಾಡಿ ಬೇರೇನೇ ಅನ್ಸಿದ್ರೆ ನಿಮ್ ದೂರು ಇದ್ದಿದ್ದು ನಾರ್ಮಲ್ ಮೋಡಿನ ಮ್ಯಾಪ್ ಬಗ್ಗೆ. ಪರಿಹಾರ ಒಂದು ಬಟನ್ ದೂರದಲ್ಲಿದೆ.

ಬರೀ ಅನಿಸಿಕೆ ಸಾಲ್ದು ಅಂದ್ರೆ ಬ್ಲೂಟೂತ್ ಓಬಿಡಿ ಡಾಂಗಲ್ (ಗಾಡಿ ಕಂಪ್ಯೂಟರ್‌ನ ಅಂಕಿಗಳನ್ನ ಫೋನಿಗೆ ಕಳಿಸೋ ಪುಟ್ಟ ಸಾಧನ) ಹಾಕಿ ಪೆಡಲ್ ಪೊಸಿಷನ್, ಥ್ರಾಟಲ್ ಪೊಸಿಷನ್, ಮ್ಯಾನಿಫೋಲ್ಡ್ ಒತ್ತಡ (ಇದ್ರಲ್ಲೇ ಬೂಸ್ಟ್ ಕಾಣೋದು), ಆರ್‌ಪಿಎಂ ನಾಲ್ಕನ್ನೂ ಲಾಗ್ ಮಾಡಿ. ಅಗ್ಗದ ಡಾಂಗಲ್‌ಗಳು ಸೆಕೆಂಡಿಗೆ ಕೆಲವೇ ಸಲ ಓದ್ತವೆ, ಮಿಲಿಸೆಕೆಂಡ್ ಲೆಕ್ಕಕ್ಕೆ ಬರಲ್ಲ, ಆದ್ರೆ ಪೆಡಲ್ ಏರಿದ ಮೇಲೆ ಯಾವುದು ಹಿಂದೆ ಬಿದ್ದಿದೆ ಅನ್ನೋದು ಗ್ರಾಫಲ್ಲಿ ಕಣ್ಣಿಗೆ ಹೊಡೆಯುತ್ತೆ. ಪಕ್ಕದಲ್ಲಿ ಕೂತವ್ರು ಫೋನಲ್ಲಿ 240 ಫ್ರೇಮ್ ಸ್ಲೋ ಮೋಷನ್ ವಿಡಿಯೊ ಮಾಡಿದ್ರೂ ಆಗುತ್ತೆ, ಒಂದು ಫ್ರೇಮ್ ಅಂದ್ರೆ ಸುಮಾರು 4 ಮಿಲಿಸೆಕೆಂಡ್. ಓಡ್ಸೋರು ಮಾತ್ರ ಫೋನ್ ಮುಟ್ಟಬಾರ್ದು.

ಹಂತ 5: ಓಡ್ಸೋ ರೀತಿ ಬದಲಾಯಿಸಿ

ಓವರ್‌ಟೇಕ್‌ನಿಂದ ಶುರು ಮಾಡೋಣ, ಯಾಕಂದ್ರೆ ಜೀವದ ಪ್ರಶ್ನೆ ಅದೇ. 80ರಲ್ಲಿ ಹೋಗ್ತಿರೋ ಗಾಡಿ ಒಂದು ಸೆಕೆಂಡಿಗೆ 22 ಮೀಟರ್ ಹೋಗುತ್ತೆ. ಬಲಕ್ಕೆ ತೆಗೆದು ಎದುರಿನ ಲೇನ್‌ಗೆ ಬಂದ ಮೇಲೆ ಪೆಡಲ್ ಒತ್ತಿ, ಗೇರ್‌ಬಾಕ್ಸ್ ಯೋಚ್ನೆ ಮಾಡಿ, ಟರ್ಬೊ ಎದ್ದು, ಅಷ್ಟರಲ್ಲಿ ಆ 22 ಮೀಟರ್ ನೀವು ಲಾರಿ ಪಕ್ಕದಲ್ಲೇ ಕಳ್ಕೊಂಡಿರ್ತೀರಾ. ಅದರ ಬದ್ಲು ಇನ್ನೂ ನಿಮ್ ಲೇನಲ್ಲೇ ಇರುವಾಗ ಎಡಗಡೆ ಪ್ಯಾಡಲ್ ಎರಡು ಸಲ ಎಳೀರಿ, ಆರ್‌ಪಿಎಂ 3000 ದಾಟಲಿ, ಪೆಡಲ್ ಸ್ವಲ್ಪ ಒತ್ತಿ ಹಿಡೀರಿ, ಟರ್ಬೊ ಎಚ್ಚರ ಆಗ್ಲಿ, ರಸ್ತೆ ಖಾಲಿ ಅಂತ ಖಾತ್ರಿ ಆದ್ಮೇಲೆ ಹೊರಗೆ ಬಂದು ಪೂರ್ತಿ ಒತ್ತಿ. ನಾಲ್ಕು ತಡದಲ್ಲಿ ಮೂರು ಹೊರಗೆ ಬರೋ ಮೊದ್ಲೇ ಮುಗಿದಿರುತ್ತೆ. ಪ್ಯಾಡಲ್ ಇಲ್ಲ ಅಂದ್ರೆ ಲಿವರ್ ಎಸ್‌ಗೆ (ಸ್ಪೋರ್ಟ್) ತಳ್ಳಿದ್ರೂ ಗೇರ್ ಇಳಿಯುತ್ತೆ.

ಘಾಟಿಲಿ ಕೂಡ ಇದೇ ತತ್ವ. ಆಗುಂಬೆ ಹೇರ್‌ಪಿನ್‌ಗಳಲ್ಲಿ ಡಿ ಮೋಡಲ್ಲಿ ಬಿಟ್ರೆ ತಿರುವಿನ ಮಧ್ಯ 3 ಬೇಕೋ 2 ಬೇಕೋ ಅಂತ ಗೇರ್‌ಬಾಕ್ಸ್ ತಡಕಾಡುತ್ತೆ. ತಿರುವಿಗೆ ಮೊದ್ಲು, ನೇರ ಇರುವಾಗ್ಲೇ ಬ್ರೇಕ್ ಹಾಕ್ತಾ 2ಕ್ಕೆ ಇಳಿಸಿ, ತಿರುವಿನ ಒಳಗೆ ಪೆಡಲ್ ಪೂರ್ತಿ ಬಿಡದೇ ಚೂರು ಹಿಡಿದಿರಿ, ಹೊರಗೆ ಬರುವಾಗ ಸ್ಟೇರಿಂಗ್ ನೇರ ಆಗ್ತಾ ಹೋದ ಹಾಗೆ ಪೆಡಲ್ ಒತ್ತುತ್ತಾ ಹೋಗಿ. ದಬಕ್ಕನೆ ಒತ್ತಿದ್ರೆ ಮೊದ್ಲು ಏನೂ ಆಗಲ್ಲ, ಆಮೇಲೆ ಎಲ್ಲಾ ಒಟ್ಟಿಗೆ ಬರುತ್ತೆ, ಮಳೆಗಾಲದ ಪಾಚಿ ರೋಡಲ್ಲಿ ಅದು ಬಹಳ ಅಪಾಯ. ಇಳಿಯುವಾಗ್ಲೂ 2ರಲ್ಲೇ ಇಳೀರಿ, ಬ್ರೇಕ್ ಉಳಿಯುತ್ತೆ.

ಸಿಲ್ಕ್ ಬೋರ್ಡ್ ತರದ ಟ್ರಾಫಿಕ್ಕಲ್ಲಿ ವಿಷ್ಯ ಪೂರ್ತಿ ಉಲ್ಟಾ. ಅಲ್ಲಿ ಸ್ಪೋರ್ಟ್ ಬೇಡ. ಪೋಲೊ ಜಿಟಿ ಟಿಎಸ್‌ಐ, ವರ್ಟಸ್ ಜಿಟಿಲಿ ಇರೋ 7 ಗೇರಿನ ಡಿಕ್ಯು200 ಡಿಎಸ್‌ಜಿದು ಡ್ರೈ ಕ್ಲಚ್, ತಂಪು ಮಾಡೋಕೆ ಎಣ್ಣೆ ಇಲ್ಲ, ಅರ್ಧ ಕ್ಲಚಲ್ಲಿ ಇಂಚಿಂಚು ತೆವಳಿದ್ರೆ ಬಿಸಿ ಆಗುತ್ತೆ, ಬಿಸಿ ಆದ್ರೆ ನಡುಗುತ್ತೆ. ಮುಂದಿನ ಗಾಡಿ ಒಂದು ಕಾರಿನಷ್ಟು ಮುಂದೆ ಹೋಗೋವರೆಗೂ ಬ್ರೇಕ್ ಹಿಡಿದು ನಿಂತು, ಆಮೇಲೆ ಒಮ್ಮೆಗೇ ಹೋಗಿ. ಏರಲ್ಲಿ ಆಕ್ಸಿಲರೇಟರ್ ಮೇಲೆ ಗಾಡಿ ನಿಲ್ಲಿಸಲೇಬೇಡಿ. ಹಳೇ ಆಕ್ಟೇವಿಯಾ ವಿಆರ್‌ಎಸ್ 230ರ ಡಿಕ್ಯು250ದು ಎಣ್ಣೆಲಿ ಮುಳುಗಿರೋ ವೆಟ್ ಕ್ಲಚ್, ಅದು ಇದಕ್ಕಿಂತ ತಡ್ಕೊಳ್ಳುತ್ತೆ. ಟಾರ್ಕ್ ಕನ್ವರ್ಟರ್‌ಗಳಿಗೆ ಈ ಚಿಂತೆ ಇನ್ನೂ ಕಮ್ಮಿ, ದಿನಾ ಎರಡು ಗಂಟೆ ಟ್ರಾಫಿಕ್ ಇರೋರಿಗೆ ನಾನು ಹೇಳೋದು ಅದನ್ನೇ ತಗೊಳ್ಳಿ ಅಂತ.

ಎಡಗಾಲಲ್ಲಿ ಬ್ರೇಕ್ ಹಿಡಿದು ಬಲಗಾಲಲ್ಲಿ ಆಕ್ಸಿಲರೇಟರ್ ಒತ್ತಿ ಟರ್ಬೊ ಎಬ್ಬಿಸೋ ಉಪಾಯ ಈಗಿನ ಬಹುತೇಕ ಗಾಡಿಗಳಲ್ಲಿ ನಡೆಯಲ್ಲ. ಎರಡೂ ಒಟ್ಟಿಗೆ ಒತ್ತಿದ್ರೆ ಇಸಿಯು ಥ್ರಾಟಲ್ ಕತ್ತರಿಸುತ್ತೆ. ನಿಂತ ಜಾಗದಿಂದ ಜೋರಾಗಿ ಹೊರಡೋಕೆ ಅಂತಲೇ ಇರೋ ಲಾಂಚ್ ಕಂಟ್ರೋಲ್ ಮಾತ್ರ ಇದಕ್ಕೆ ಅಪವಾದ, ಅದನ್ನ ಮಾಡೋ ಕ್ರಮ ಗಾಡಿ ಗಾಡಿಗೂ ಬೇರೆ, ಮ್ಯಾನ್ಯುಯಲ್ ಓದಿ. ಮಾಡೋದಾದ್ರೆ ಮದ್ರಾಸ್ ಹತ್ರ ಇರುಂಗಾಟ್ಟುಕೋಟೈ ಟ್ರ್ಯಾಕಲ್ಲೋ ಕೊಯಮತ್ತೂರಿನ ಕರಿ ಮೋಟರ್ ಸ್ಪೀಡ್‌ವೇಲೋ ಟ್ರ್ಯಾಕ್ ಡೇ ಇದ್ದಾಗ ಮಾಡಿ, ನೈಸ್ ರೋಡಲ್ಲಿ ಅಲ್ಲ. ಒಂದಾದ ಮೇಲೆ ಒಂದು ಮಾಡ್ಬೇಡಿ, ಕ್ಲಚ್ ತಣ್ಣಗಾಗೋಕೆ ಬಿಡಿ.

ಹಂತ 6: ದುಡ್ಡು ಖರ್ಚು ಮಾಡೋ ಮೊದ್ಲು

ಥ್ರಾಟಲ್ ಕಂಟ್ರೋಲರ್ ಅಂತ ಮಾರೋ ಡಬ್ಬಿ ಪೆಡಲ್ ಸೆನ್ಸರ್ ಮತ್ತೆ ಇಸಿಯು ಮಧ್ಯ ಕೂತ್ಕೊಂಡು ನೀವು 30% ಒತ್ತಿದ್ರೆ 50% ಅಂತ ಹೇಳುತ್ತೆ. ಅಷ್ಟೇ ಅದರ ಕೆಲಸ. ಶಕ್ತಿ ಒಂದು ಎಚ್‌ಪಿನೂ ಜಾಸ್ತಿ ಆಗಲ್ಲ, ಟರ್ಬೊ ಬೇಗ ಏಳಲ್ಲ, ಪೂರ್ತಿ ಒತ್ತಿದಾಗ ಏನೂ ಬದಲಾಗಲ್ಲ. ನಾಲ್ಕನೇ ಪರೀಕ್ಷೆಲಿ ನಿಮ್ ಸಮಸ್ಯೆ ಪೆಡಲ್ ಮ್ಯಾಪ್ ಅಂತ ಬಂದು, ಗಾಡಿಲಿ ಸ್ಪೋರ್ಟ್ ಮೋಡ್ ಇಲ್ಲ ಅಂದ್ರೆ ಮಾತ್ರ ಅರ್ಥ ಇದೆ. ಟ್ರಾಫಿಕ್ಕಲ್ಲಿ ಗಾಡಿ ಜಿಗಿಯೋಕೆ ಶುರುವಾಗುತ್ತೆ ಅನ್ನೋದೂ ಗೊತ್ತಿರಲಿ.

ರೀಮ್ಯಾಪ್ ವಿಷ್ಯ ಗಂಭೀರ. ಇದು ನಿಜವಾಗ್ಲೂ ಟಾರ್ಕ್ ಜಾಸ್ತಿ ಮಾಡುತ್ತೆ, ಪ್ರಶ್ನೆ ಆ ಟಾರ್ಕ್ ತಡ್ಕೊಳ್ಳೋರು ಯಾರು ಅಂತ. ಡಿಕ್ಯು200ಗೆ ವಿನ್ಯಾಸದ ಮಿತಿ 250 ಎನ್‌ಎಂ, 1.5 ಟಿಎಸ್‌ಐ ಶೋರೂಮಿಂದ ಬರುವಾಗ್ಲೇ 250 ಕೊಡುತ್ತೆ. ಮಾಡಿಸಿದವ್ರೆಲ್ಲರ ಕ್ಲಚ್ ನಾಳೆನೇ ಹೋಗುತ್ತೆ ಅಂತಲ್ಲ, ಆದ್ರೆ ಮಿತಿಗೆ ಒಂಚೂರೂ ಜಾಗ ಉಳಿದಿಲ್ಲದ ಕಡೆ ನೀವು ಹೆಜ್ಜೆ ಇಡ್ತಿದೀರಾ, ವಾರಂಟಿನೂ ಕೈ ಬಿಡುತ್ತೆ. ಪರೀಕ್ಷೆಲಿ ಗೇರ್‌ಬಾಕ್ಸ್ ತಡನೇ ಜಾಸ್ತಿ ಅಂತ ಬಂದಿದ್ರೆ ಎಂಜಿನ್ ರೀಮ್ಯಾಪ್ ಅದನ್ನ ಮುಟ್ಟೋದೂ ಇಲ್ಲ, ಅದಕ್ಕೆ ಬೇಕಾಗೋದು ಟಿಸಿಯು (ಗೇರ್‌ಬಾಕ್ಸ್ ಕಂಪ್ಯೂಟರ್) ಟ್ಯೂನ್, ಅಂದ್ರೆ ಯಾವಾಗ ಗೇರ್ ಬದಲಾಗ್ಬೇಕು, ಕ್ಲಚ್ ಎಷ್ಟು ಒತ್ತಡದಲ್ಲಿ ಹಿಡಿಬೇಕು ಅನ್ನೋದನ್ನ ತಿದ್ದೋದು. ದೊಡ್ಡ ಟರ್ಬೊ ಹಾಕಿಸೋದಂತೂ ಲ್ಯಾಗ್ ಜಾಸ್ತಿ ಮಾಡೋ ದಾರಿ, ಟ್ರ್ಯಾಕ್ ಗಾಡಿ ಕಟ್ಟೋರಿಗೆ ಸರಿ.

ಎಷ್ಟೋ ಸಲ ಲ್ಯಾಗ್ ಅಂತ ಅನ್ಕೊಂಡಿದ್ದು ಸರ್ವೀಸ್ ಸಮಸ್ಯೆ ಆಗಿರುತ್ತೆ. ಮೊದ್ಲು ಚೆನ್ನಾಗಿದ್ದ ಗಾಡಿ ಬರ್ತಾ ಬರ್ತಾ ಮಂಕಾಯ್ತು ಅಂದ್ರೆ ಇಂಟರ್‌ಕೂಲರ್ ಪೈಪ್ ಎಲ್ಲಾದ್ರೂ ಗಾಳಿ ಬಿಡ್ತಿದ್ಯಾ ಅಂತ ಪ್ರೆಶರ್ ಟೆಸ್ಟ್ ಮಾಡ್ಸಿ, ಏರ್ ಫಿಲ್ಟರ್, ಸ್ಪಾರ್ಕ್ ಪ್ಲಗ್ ನೋಡ್ಸಿ. ಥ್ರಾಟಲ್ ಬಾಡಿಲಿ ಕಾರ್ಬನ್ ಕಟ್ಟಿದ್ರೆ ತೊಳೆಸಿ, ತೊಳೆಸಿದ ಮೇಲೆ ಸ್ಕ್ಯಾನರ್ ಹಾಕಿ ಥ್ರಾಟಲ್ ಅಡಾಪ್ಟೇಷನ್ (ಬಾಗಿಲಿನ ಸ್ಥಾನ ಇಸಿಯುಗೆ ಹೊಸದಾಗಿ ಕಲಿಸೋದು) ಮಾಡ್ಸೋದು ಮರೀಬೇಡಿ, ಇಲ್ಲಾಂದ್ರೆ ಐಡಲ್ ಮೇಲೆ ಕೆಳಗೆ ಆಡುತ್ತೆ. ಡಿಕ್ಯು250 ಅಂಥ ವೆಟ್ ಕ್ಲಚ್ ಡಿಎಸ್‌ಜಿಗೆ 60,000 ಕಿಮೀಗೆ ಎಣ್ಣೆ ಮತ್ತೆ ಫಿಲ್ಟರ್ ಬದಲಾಯಿಸ್ಬೇಕು. ಝಡ್‌ಎಫ್ 8ಎಚ್‌ಪಿ ಎಣ್ಣೆ ಲೈಫ್‌ಟೈಮ್, ಬದಲಾಯಿಸೋದೇ ಬೇಡ ಅಂತ ಶೋರೂಮಲ್ಲಿ ಹೇಳೋದುಂಟು, ಆದ್ರೆ ಗೇರ್‌ಬಾಕ್ಸ್ ಮಾಡಿದ ಝಡ್‌ಎಫ್‌ನವ್ರೇ 80,000ದಿಂದ 1,20,000 ಕಿಮೀ ಒಳಗೆ ಬದಲಾಯಿಸಿ ಅಂತಾರೆ. ನಾನು ಮಾಡಿದವ್ರ ಮಾತು ಕೇಳ್ತೀನಿ.

ಎಣ್ಣೆ ಬದಲಾಯಿಸಿದ ಮೇಲೆ ಗೇರ್‌ಬಾಕ್ಸ್ ಅಡಾಪ್ಟೇಷನ್ ರೀಸೆಟ್ ಮಾಡಿಸಿದ್ರೆ ಮೊದಲ ಸ್ವಲ್ಪ ದಿನ ಗೇರ್ ಒರಟಾಗಿ ಬೀಳಬಹುದು, ಗಾಬರಿ ಬೇಡ, ಕ್ಲಚ್‌ಗಳು ಎಲ್ಲಿ ಕಚ್ಚುತ್ತೆ ಅನ್ನೋದನ್ನ ಅದು ಹೊಸದಾಗಿ ಕಲೀತಿರುತ್ತೆ. ಆ ದಿನಗಳಲ್ಲಿ ಎಲ್ಲಾ ಗೇರಲ್ಲೂ ಮೆತ್ತಗೆ ಒಂದಷ್ಟು, ಮಧ್ಯಮವಾಗಿ ಒಂದಷ್ಟು ಓಡ್ಸಿ. ಆಮೇಲೆ ಹಂತ 4ರ ಪರೀಕ್ಷೆಗಳನ್ನ ಅದೇ ರಸ್ತೆಲಿ, ಸಾಧ್ಯ ಆದ್ರೆ ಅದೇ ಹೊತ್ತಲ್ಲಿ ಮತ್ತೆ ಮಾಡಿ, ಹಳೇ ಲಾಗ್ ಪಕ್ಕದಲ್ಲಿ ಹೊಸ ಲಾಗ್ ಇಟ್ಟು ನೋಡಿ. ಆಗ್ಲೂ ಟರ್ಬೊ ತಡನೇ ಎದ್ದು ಕಾಣ್ತಿದ್ರೆ ಅದು ಆ ಎಂಜಿನ್ನಿನ ಗುಣ, ಪ್ಯಾಡಲ್ ಎಳೆದು ಆರ್‌ಪಿಎಂ ಮೇಲಿಟ್ಟು ಓಡ್ಸೋದೇ ಅದಕ್ಕೆ ದಾರಿ.